ಮನೆಯವರ ಪರೀಕ್ಷೆ

ಗಾಳಿಕೊಪ್ಪ, ಕಪ್ಪತ್ತಗುಡ್ಡದ ಪಡುವಣ ಬದಿ
ತಾರೀಖಿಲ್ಲದ ವಾರದ ಎರಡನೆಯ ಬುಧವಾರ, ೨೨೧೮

ನನಗಿಂತ ಎಷ್ಟೋ ತಲೆಮಾರು ಹಿಂದೆ ಪುಟ್ಟ ಮಕ್ಕಳನ್ನು ಶಾಲೆಗೆ ಕಳಿಸುತ್ತಿರುವ ತಾಯಿ ತಂದೆಯರಿಗೆ, ಅಜ್ಜ ಅಜ್ಜಿಯರಿಗೆ ಸಾವಂತ್ರೆವ್ವ ಬಡಿಗೇರಳ ನಮಸ್ಕಾರ.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಊರಿನಲ್ಲಿ ಶಾಲೆಯ ಒಂದು ಪಾಳಿ ಮುಗಿದು ಇನ್ನೊಂದು ಶುರುವಾಗುವ ಮೊದಲು ಒಂದು ವಾರಕ್ಕೆ ತಾರೀಖು ಹಾಕುವುದಿಲ್ಲ. ಆ ವಾರದಲ್ಲಿ ಎರಡು ಬುಧವಾರ ಬರುತ್ತವೆ. ಮೊದಲನೆಯದರಲ್ಲಿ ಮೇಷ್ಟ್ರುಗಳೆಲ್ಲ ಹೊದ್ದು ಮಲಗುತ್ತಾರೆ, ಎರಡನೆಯದರಲ್ಲಿ ಉಳಿದ ಕೆಲಸ ಮಾಡುತ್ತಾರೆ. ನಾನು ಒಂದನೆಯ ತರಗತಿಯ ಅಕ್ಕೋರು. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಶಬ್ದಗಳು ನುಸುಳಿದರೆ ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಈ ಪತ್ರ ನಿಮಗೆ ಹೇಗೆ ತಲುಪುತ್ತದೆ ಎಂಬುದು ನನಗೂ ಅರ್ಥವಾಗಿಲ್ಲ. ತಲುಪಿಸುತ್ತೇವೆ ಎಂದವರು ಲೆಕ್ಕದಲ್ಲಿ ಗಟ್ಟಿಗರು, ಹಾಗಾಗಿ ನಂಬಿದ್ದೇನೆ.

ಬರೆಯುತ್ತಿರುವ ಕಾರಣ ಇಷ್ಟೇ: ನನಗೆ ಬಹಳ ನಿರಾಳವಾಗಿದೆ. ಇಲ್ಲಿ ಎಲ್ಲರಿಗೂ ಹೇಳಿ ಮುಗಿಸಿದೆ, ಇನ್ನೂ ಯಾರಿಗಾದರೂ ಹೇಳಬೇಕು ಅನ್ನಿಸುತ್ತಿದೆ.

ನಮ್ಮ ವರ್ಷಕ್ಕೆ ಎರಡು ಪಾಳಿ. ಬಿಸಿಲು ಸುಡುವ ತಿಂಗಳುಗಳದ್ದು ನೆರಳುಪಾಳಿ. ಆಗ ಊರಿಗೆ ಊರೇ ನೆಲದೊಳಗಿನ ತಂಪುಮನೆಗಳಲ್ಲಿರುತ್ತದೆ, ಶಾಲೆಯೂ ಅಲ್ಲೇ. ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗತೊಡಗಿದ ಮೇಲೆ ನಡೆಯುವುದು ಗಾಳಿಪಾಳಿ. ಆಗ ಮಕ್ಕಳು ಮೇಲೆ ಬಂದು ಬಯಲಿನಲ್ಲಿ ಕೂರುತ್ತಾರೆ, ಮೊದಲ ವಾರವಿಡೀ ಆಕಾಶ ನೋಡಿ ಸೀನುತ್ತಾರೆ. ಇಷ್ಟು ವರ್ಷ ಎರಡು ಪಾಳಿಯಲ್ಲೂ ಪಾಠ ಹೇಳುತ್ತಿದ್ದದ್ದು ಓದಿಸುಗ. ಅದೊಂದು ಮಾತಾಡುವ ಗೋಡೆ, ಕೆಳಗೆ ತಂಪುಮನೆಯಲ್ಲೊಂದು, ಮೇಲೆ ಬಯಲಿನ ಅಂಚಿನಲ್ಲೊಂದು. ಯಾವ ಮಗುವಿಗೆ ಏನು ತಿಳಿಯಲಿಲ್ಲ ಎಂಬುದು ಮಗುವಿಗಿಂತ ಮೊದಲು ಅದಕ್ಕೆ ಗೊತ್ತಾಗುತ್ತದೆ. ನಮ್ಮಂಥವರ ಕೆಲಸ ಮಕ್ಕಳ ಮೂಗು ಒರೆಸುವುದು, ಸಾಲಾಗಿ ನಿಲ್ಲಿಸುವುದು. ಗೋಡೆಯ ಮೇಲೆ ನನಗೆ ಹಗೆಯಿಲ್ಲ, ಅದು ಒಂದು ದಿನವೂ ತಪ್ಪು ಹೇಳಿದ್ದಿಲ್ಲ. ಆದರೆ ಮಕ್ಕಳು ಅದಕ್ಕೆ ಮುಖ ಮಾಡಿ ಕೂತು ಕೂತು ಪಕ್ಕದವರ ಕಡೆ ತಿರುಗುವುದನ್ನೇ ಬಿಟ್ಟಿದ್ದರು. ಒಬ್ಬಳು ಬಿದ್ದು ಮೊಣಕಾಲು ಕೆತ್ತಿಕೊಂಡರೆ ಉಳಿದವರು ಗೋಡೆಗೆ ಹೇಳುತ್ತಿದ್ದರೇ ಹೊರತು ಎಬ್ಬಿಸುತ್ತಿರಲಿಲ್ಲ.

ಕಲಿಕಾ ಮಂಡಳಿಯವರನ್ನು ಕಾಡಿ ಬೇಡಿ ಒಂದು ಗಾಳಿಪಾಳಿಯ ಮಟ್ಟಿಗೆ ಗೋಡೆಗೆ ಪರದೆ ಹಾಕಲು ಒಪ್ಪಿಸಿದೆವು. ಅವರು ಹಾಕಿದ ಷರತ್ತು ತಿರುಗುಪಾಠ. ಅಂದರೆ ಮಗು ಶಾಲೆಯಲ್ಲಿ ಕಲಿತದ್ದನ್ನು ಮನೆಯ ದೊಡ್ಡವರೊಬ್ಬರಿಗೆ ಕಲಿಸಬೇಕು, ಪಾಳಿಯ ಕೊನೆಗೆ ಪರೀಕ್ಷೆ ಆ ದೊಡ್ಡವರಿಗೆ. ಕಲಿಸಲು ಬಂದರೆ ಮಗು ಕಲಿತಂತೆ. ಮಕ್ಕಳು ಕಲಿಸಿಲ್ಲ ಎಂದು ಪರೀಕ್ಷಕರಿಗೆ ಕಂಡರೆ ಪರದೆ ತೆಗೆದು ಗೋಡೆಯನ್ನು ಮತ್ತೆ ಮಾತಾಡಿಸುತ್ತಾರೆ, ಆಮೇಲೆ ಇನ್ನೊಮ್ಮೆ ಕೇಳುವ ಹಾಗಿಲ್ಲ.

ಪಾಳಿಯಲ್ಲಿ ಏನೇನು ಕಲಿಸಿದೆ ಎಂದು ಹೇಳಿದರೆ ನೀವು ನಗಬಹುದು, ನಿಮ್ಮ ಮಕ್ಕಳೂ ಅದನ್ನೇ ಕಲಿಯುತ್ತಿರಬೇಕು. ಅಕ್ಷರಗಳನ್ನು ಮೊದಲು ಮರಳಿನಲ್ಲಿ ತಿದ್ದಿದೆವು. ಗಾಳಿ ಬಂದು ಅಳಿಸಿದಾಗಲೆಲ್ಲ ಮಕ್ಕಳು ಗಾಳಿಗೆ ಬೈದು ಮತ್ತೆ ಬರೆದರು, ಹೀಗೆ ನನಗಿಂತ ಗಾಳಿಯೇ ಹೆಚ್ಚು ತಿದ್ದಿಸಿತು. ಲೆಕ್ಕಕ್ಕೆ ಜೋಳದ ದಂಟಿನ ಚೂರು. ಹತ್ತು ಸೇರಿದರೆ ಒಂದು ಕಟ್ಟು, ಉಳಿದದ್ದು ಬಿಡಿ. ಕಳೆಯುವಾಗ ಬಿಡಿ ಸಾಲದಿದ್ದರೆ ಕಟ್ಟು ಬಿಚ್ಚಬೇಕು. ಕಟ್ಟಿದ್ದನ್ನು ಬಿಚ್ಚಲು ಮಕ್ಕಳಿಗೆ ಮನಸ್ಸೇ ಬರುತ್ತಿರಲಿಲ್ಲ, ಒಬ್ಬ ಹುಡುಗನಂತೂ ಅತ್ತೇಬಿಟ್ಟ. ಪರಿಸರ ಪಾಠಕ್ಕೆ ಹೆಸರುಕಾಳು ನೆಟ್ಟೆವು. ಮೊಳಕೆ ಬಂತಾ ಎಂದು ದಿನಾ ಕೆದರಿ ನೋಡಿ ಮೊದಲ ಸಲ ಎಲ್ಲವನ್ನೂ ಕೊಂದರು. ಎರಡನೆಯ ಸಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಾದರು. ಮನೆಯಿಂದ ಶಾಲೆಗೆ ಬರುವ ದಾರಿಯ ನಕ್ಷೆ ಬರೆದರು. ಹಲ್ಲುಜ್ಜುವುದು, ಉಗುರು ಕತ್ತರಿಸಿಕೊಳ್ಳುವುದು, ಹಾಡು ಹೇಳುವಾಗ ಪಕ್ಕದವರ ದನಿ ಕೇಳಿಸಿಕೊಳ್ಳುವುದು, ಜಗಳವಾದರೆ ಇಬ್ಬರೂ ಒಟ್ಟಿಗೆ ಕೂಗದೆ ಒಬ್ಬರಾದ ಮೇಲೆ ಒಬ್ಬರು ಕೂಗುವುದು. ಇದಿಷ್ಟೇ ಒಂದು ಪಾಳಿಯ ವಿದ್ಯೆ. ಗೋಡೆ ಇದನ್ನೆಲ್ಲ ಎರಡು ವಾರದಲ್ಲಿ ಮುಗಿಸುತ್ತಿತ್ತು.

ಪರೀಕ್ಷೆಯ ದಿನ ಮಂಡಳಿಯಿಂದ ಸುಲೋಚನಾಬಾಯಿ ಬಂದರು. ತೆಳ್ಳಗಿನ ಹೆಂಗಸು, ಚಹಾ ಕೂಡ ಬೇಡವೆಂದರು. ಮಕ್ಕಳ ಮಣೆಗಳ ಮೇಲೆ ದೊಡ್ಡವರು ಮೊಣಕಾಲು ಮಡಚಿಕೊಂಡು ಕೂತಿದ್ದರು, ಮಕ್ಕಳು ಗೋಡೆಯ ಪರದೆಗೆ ಒರಗಿ ನಿಂತಿದ್ದರು. ಮೊದಲು ಎದ್ದವಳು ನೀಲವ್ವ, ದಂಟಿನ ಕಟ್ಟು ಬಿಚ್ಚಲಾರದೆ ಅತ್ತ ಹುಡುಗನ ತಾಯಿ. ಬೀಜ ಹೇಗೆ ಮೊಳೆಯುತ್ತದೆ ಎಂದು ಕೇಳಿದರು. ನೀಲವ್ವ ಕಣ್ಣು ಮುಚ್ಚಿ ಒಂದೇ ಉಸಿರಿಗೆ, ತೇವಾಂಶ, ಉಷ್ಣತೆ ಹಾಗೂ ವಾಯುವಿನ ಸಮರ್ಪಕ ಸಂಯೋಗದಿಂದ ಬೀಜವು ಅಂಕುರಿಸುತ್ತದೆ ಎಂದಳು. ಮುಂದಿನವನೂ ಅದನ್ನೇ ಹೇಳಿದ, ಶಬ್ದ ಕೂಡ ಬದಲಾಗಲಿಲ್ಲ. ಅವನ ಮುಂದಿನವಳೂ ಅಷ್ಟೇ. ಅಡುಗೆಗೆ, ಹವಾಮಾನಕ್ಕೆ ಎಂದು ಮನೆಮನೆಯಲ್ಲೂ ಒಂದು ಸಣ್ಣ ಓದಿಸುಗ ಇರುತ್ತದೆ. ಎಲ್ಲರೂ ಕದ್ದು ಅದನ್ನು ಕೇಳಿ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ತಮ್ಮ ಮಗು ನಾಲ್ಕು ಜನರೆದುರು ಸೋಲಬಾರದು ಎಂಬ ಆಸೆ, ಅದರಲ್ಲೇನೂ ಕೆಟ್ಟದ್ದಿರಲಿಲ್ಲ. ಸುಲೋಚನಾಬಾಯಿ ಬರೆಯುವುದನ್ನು ನಿಲ್ಲಿಸಿದರು. ಅವರ ಕಣ್ಣು ಪರದೆಯ ಕಡೆ ಹೋಯಿತು. ಎಲ್ಲ ಮುಗಿಯಿತು ಅಂದುಕೊಂಡೆ. ನಾನೂ ಒಂದು ಮಣೆ ಎಳೆದುಕೊಂಡು ಕೂತುಬಿಟ್ಟೆ.

ಆಮೇಲೆ ಎದ್ದವನು ದಾವಲಸಾಬ. ನಮ್ಮ ತರಗತಿಯ ಕಾಶಿಂಬಿಯ ಅಜ್ಜ, ಊರಿಗೆಲ್ಲ ಗೊತ್ತಿರುವ ಮಾತುಗಾರ. ಅವನ ಮನೆಯಲ್ಲಿ ಓದಿಸುಗ ಇಲ್ಲ. ತನ್ನ ಮಾತನ್ನು ನಡುವೆ ತಡೆಯುತ್ತದೆ ಎಂದು ಎಂದೋ ಅದನ್ನು ಕಿತ್ತು ವಾಪಸು ಕಳಿಸಿದ್ದ. ಅವನಿಗೆ ಮನೆಯಿಂದ ಶಾಲೆಯ ದಾರಿ ಬರೆಯಲು ಹೇಳಿದರು. ನೆಲದ ಮೇಲೆ ಕೂತು ಸುಣ್ಣದ ಕಡ್ಡಿಯಿಂದ ಬರೆದ. ಮನೆ ಕಾಳಿನಷ್ಟು, ಶಾಲೆ ಅದಕ್ಕಿಂತ ಚೂರು ದೊಡ್ಡದು. ನಡುವೆ, ಗಾಳಿಯಂತ್ರದ ಬುಡದಲ್ಲಿ ಒಂದು ನಾಯಿ, ಅದರ ಬಾಲ ಶಾಲೆಯನ್ನೂ ದಾಟಿ ಹೋಗಿತ್ತು. ಕೂತವರೆಲ್ಲ ಕಿಸಕ್ಕನೆ ನಕ್ಕರು. ನಾಯಿ ಯಾಕೆ ಇಷ್ಟು ದೊಡ್ಡದು ಎಂದು ಸುಲೋಚನಾಬಾಯಿ ಕೇಳಿದರು.

"ನಾ ಹೇಳೂದಲ್ರಿ ಬಾಯಾರ, ನಮ್ಮ ಕಾಶಿ ಕಲಿಸ್ಯಾಳ," ಎಂದ ದಾವಲಸಾಬ. "ಯಾವುದಕ್ಕ ಅಂಜಿಕಿ ಬರ್ತೈತೋ ಅದನ್ನ ದೊಡ್ಡದು ಬರೀಬೇಕಂತ. ಸಣ್ಣದು ಬರದ್ರ ಕಾಣೂದಿಲ್ಲ, ಕಾಣಲಿಲ್ಲಂದ್ರ ಕಚ್ಚತೈತಿ."

ಪರದೆಯ ಬಳಿಯಿಂದ ಕಾಶಿಂಬಿ ಕೂಗಿದಳು: "ಹೌದಲ್ರಿ ಮತ್ತ! ಸಾಲಿ ಏನ್ ಕಚ್ಚತೈತೇನ್ರಿ?"

ಸುಲೋಚನಾಬಾಯಿ ನಕ್ಕರು. ಅಷ್ಟು ಹೊತ್ತು ಬಿಗಿದಿದ್ದ ಮುಖ ಸಡಿಲವಾಗಿ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ನಕ್ಷೆ ತಪ್ಪಾಗಿತ್ತು. ಯಾವ ಗೋಡೆಯೂ ಅಂಥ ತಪ್ಪನ್ನು ಕಲಿಸಲು ಸಾಧ್ಯವಿರಲಿಲ್ಲ. ಅಜ್ಜನ ಎದುರು ಆರು ವರ್ಷದ ಹುಡುಗಿ ಕೂತು, ತನ್ನ ತಲೆಯಲ್ಲಿ ಇದ್ದದ್ದನ್ನು ಇದ್ದಂತೆಯೇ ಅವನ ತಲೆಗೆ ದಾಟಿಸಿದ್ದಳು. ಅವನೂ ಮರುಮಾತಾಡದೆ ಕಲಿತಿದ್ದ. ದಾವಲಸಾಬ ಮರುಮಾತಾಡದೆ ಏನನ್ನಾದರೂ ಕಲಿತದ್ದು ಅದೇ ಮೊದಲು ಅನ್ನಿಸುತ್ತದೆ.

ಉಳಿದವರನ್ನು ಸುಲೋಚನಾಬಾಯಿ ಗದರಲಿಲ್ಲ. ಬಾಯಿಪಾಠ ಮಾಡಿದ್ದನ್ನು ಮರೆತುಬಿಡಿ, ನಿಮ್ಮ ಮಕ್ಕಳ ಹತ್ತಿರ ಹೋಗಿ ಕೂತು ಕಲಿಯಿರಿ, ಸಂಜೆ ಮತ್ತೆ ಕೇಳುತ್ತೇನೆ ಎಂದರು. ಆ ಮಧ್ಯಾಹ್ನ ನಮ್ಮ ಬಯಲನ್ನು ನೀವು ನೋಡಬೇಕಿತ್ತು. ಮರದ ಕೆಳಗೊಂದು ಜೋಡಿ, ನೀರಿನ ತೊಟ್ಟಿಯ ಬಳಿ ಇನ್ನೊಂದು. ಪಾಠ ಹೇಳುವವರು ನಿಂತಿದ್ದಾರೆ, ಕೇಳುವವರು ಕೂತಿದ್ದಾರೆ. ನೀಲವ್ವನ ಮಗ ತಾಯಿಯ ಕೈಗಳನ್ನು ಹಿಡಿದು ಅವಳ ಬೆನ್ನ ಹಿಂದೆ ಕಟ್ಟಿಸುತ್ತಿದ್ದ. ಎಷ್ಟೋ ಜನ ತಮ್ಮ ಮಗುವಿನ ಮುಖವನ್ನು ಅಷ್ಟು ಹೊತ್ತು ನೋಡಿರಲಿಕ್ಕಿಲ್ಲ. ಸಂಜೆ ನೀಲವ್ವ ಎದ್ದು ನಿಂತು, "ಕಾಳಿಗೆ ನೀರ್ ಕುಡಿಸಿ ಮಲಗಿಸಬೇಕ್ರಿ. ಮ್ಯಾಲಿಂದ ಮ್ಯಾಲ ಕೆದರಿ ನೋಡಬಾರದ್ರಿ, ಅದಕ್ಕ ಸಿಟ್ಟ ಬರ್ತೈತಿ" ಎಂದಳು. ಸುಲೋಚನಾಬಾಯಿ ಅದನ್ನು ಹಾಗೆಯೇ ಬರೆದುಕೊಂಡರು. ಹೊರಡುವಾಗ ಚಹಾ ಕೇಳಿ ಕುಡಿದರು, ಲೋಟ ಕೆಳಗಿಟ್ಟು, "ಪರದಿ ಹಂಗ ಇರಲಿ. ನಡಸ್ರಿ ನಿಮ್ಮ ಸಾಲಿ" ಎಂದರು.

ನಾನು ಅತ್ತೆ. ಮಕ್ಕಳೆಲ್ಲ ಓಡಿ ಬಂದರು. ಯಾರು ಬೈದರು ಅಕ್ಕೋರೇ ಎಂದು ಕೇಳುತ್ತ ತಮ್ಮ ಪುಟ್ಟ ಕೈಗಳಿಂದ ನನ್ನ ಕೆನ್ನೆ ಒರೆಸಿದರು. ಒಬ್ಬರೂ ಗೋಡೆಗೆ ಹೇಳಲು ಹೋಗಲಿಲ್ಲ. ಅವತ್ತು ಮನೆಗೆ ಹೋಗಿ ಉಂಡ ಊಟದ ರುಚಿ ಇನ್ನೂ ನಾಲಿಗೆಯ ಮೇಲಿದೆ.

ನಿಮ್ಮ ಕಾಲದಲ್ಲಿ ಗೋಡೆಗಳು ಇನ್ನೂ ಮಾತು ಕಲಿಯುತ್ತಿವೆಯಂತೆ. ಕಲಿಯಲಿ ಬಿಡಿ, ಅವುಗಳಿಂದ ಉಪಯೋಗವೂ ಇದೆ. ನಿಮ್ಮಲ್ಲಿ ನನ್ನದೊಂದೇ ಕೇಳಿಕೆ. ಇವತ್ತು ನಿಮ್ಮ ಮಗು ಶಾಲೆಯಿಂದ ಬಂದು ಚೀಲ ಎಸೆದಾಗ, ಏನು ಕಲಿತೆ ಎಂದು ಕೇಳಬೇಡಿ. ಆ ಪ್ರಶ್ನೆಗೆ ಎಲ್ಲ ಕಾಲದ ಮಕ್ಕಳೂ ಏನಿಲ್ಲ ಎಂದೇ ಹೇಳುತ್ತಾರೆ. ಕೈಯಲ್ಲಿರುವ ಕೆಲಸ ಬದಿಗಿಟ್ಟು ನೆಲದ ಮೇಲೆ ಕೂತು, ನನಗೆ ಬರುವುದಿಲ್ಲ, ಕಲಿಸು ಅನ್ನಿ. ತಪ್ಪು ಕಲಿಸಿದರೂ ಮೊದಲ ಸಲ ಹಾಗೆಯೇ ಕಲಿತುಬಿಡಿ.

ನಿಮ್ಮ
ಸಾವಂತ್ರೆವ್ವ