ನಾನು ಸುಳ್ಳು ಬರೆದ ಗಾಯ

ಆಫ್ತಾಬ್ ಅವರೇ,

ಚನ್ನಪಟ್ಟಣದ ಆಸ್ಪತ್ರೆಯಲ್ಲಿ ನಿಮ್ಮ ತೋಳಿಗೆ ಏಳು ಹೊಲಿಗೆ ಹಾಕಿದ ನರ್ಸ್ ನಾನು. ನೀವು ತೀರಿಕೊಂಡು ಎರಡು ವರ್ಷವಾಯಿತು. ಈಗಲೂ ಯಾರಾದರೂ ಎದುರು ಕೂತು ತೋಳು ಚಾಚಿದರೆ ನನಗೆ ಮೊದಲು ಕಾಣುವುದು ನಿಮ್ಮ ಮುಖ.

ಅಂದು ನೀವು ಗೊಂಬೆ ಮಾಡುವಾಗ ಉಳಿ ಜಾರಿತು ಎಂದಿರಿ. ಚಾಕುವಿನ ಗಾಯ ನನಗೆ ಗೊತ್ತಾಗದೆ ಇರುತ್ತದೆಯೇ? ಬೈಕು ತಗುಲಿದ ಜಗಳಕ್ಕೆ ಪಕ್ಕದ ಬೀದಿಯವನು ಇರಿದನೆಂದು ಆಮೇಲೆ ಒಪ್ಪಿಕೊಂಡಿರಿ. ಪೊಲೀಸರಿಗೆ ತಿಳಿಸಬೇಕು ಎಂದೆ. ನೀವು ತಲೆ ಎತ್ತದೆ ಹೇಳಿದಿರಿ: "ಬ್ಯಾಡ ಸಿಸ್ಟರ್. ಏಟು ತಿಂದೋನು ನಾನೇ ಆದ್ರೂ ರೌಡಿ ಪಟ್ಟಿಗೆ ಮೊದ್ಲು ಸೇರೋದು ನಮ್ಮ ಮೊಹಲ್ಲಾದೋರ ಹೆಸ್ರು."

ಪೊಲೀಸರಿಗೆ ತಿಳಿಸದೆ, ಆಸ್ಪತ್ರೆಯ ಪುಸ್ತಕದಲ್ಲಿ 'ಕೆಲಸದಲ್ಲಾದ ಗಾಯ' ಎಂದು ಬರೆದೆ. ನಾಯಿ ಕಚ್ಚಿದವರಿಗೂ ಮುಂದಿನ ಚುಚ್ಚುಮದ್ದಿನ ದಿನ ಬರೆದುಕೊಡುವವಳು ನಾನು. ಮನುಷ್ಯ ಇರಿದ ನಿಮ್ಮನ್ನು ಹಾಗೇ ಮನೆಗೆ ಕಳಿಸಿಬಿಟ್ಟೆ.

ಹನ್ನೊಂದನೇ ದಿನ ಮಧ್ಯಾಹ್ನ ಅವನು ಮತ್ತೆ ಇರಿದ. ಆಟೋದಲ್ಲಿ ತರುವಷ್ಟರಲ್ಲಿ ನಿಮ್ಮ ಉಸಿರು ನಿಂತಿತ್ತು. ನಿಮ್ಮ ಅಮ್ಮ ಕರೀಮುನ್ನೀಸಾರನ್ನು ಪೇದೆ ಮೊದಲು ಕೇಳಿದ್ದು, ಮಗನ ಮೇಲೆ ಹಳೇ ಕೇಸು ಇದ್ದವಾ ಎಂದು. ಹಿಂದೊಮ್ಮೆ ಇರಿದದ್ದಕ್ಕೆ ದಾಖಲೆ ಇಲ್ಲದ್ದರಿಂದ ಪೊಲೀಸರ ಕಡತದಲ್ಲಿ ನಿಮ್ಮ ಕೊಲೆ ಆ ಕ್ಷಣದ ಜಗಳದಲ್ಲಾದದ್ದು ಎಂದಾಯಿತು. ದಾಖಲೆ ಇಲ್ಲದಂತೆ ಮಾಡಿದವಳು ನಾನು.

ಕೊನೆಗೆ ಕೋರ್ಟಿಗೆ ಹೋಗಿ, ಬರೆದದ್ದು ಸುಳ್ಳೆಂದು ಹೇಳಿದೆ. ಇಲಾಖೆಯಿಂದ ನೋಟಿಸು ಬಂತು. ತೀರ್ಪು ಇನ್ನೂ ಬಂದಿಲ್ಲ. ಕೋರ್ಟಿನ ಹೊರಗೆ ನಿಮ್ಮ ಅಮ್ಮ ನನ್ನನ್ನು ಬೈಯಲಿಲ್ಲ, ಕ್ಷಮಿಸಲೂ ಇಲ್ಲ. ಇನ್ನು ಮುಂದೆ ಇಂಥ ಗಾಯದವರು ಬಂದರೆ ನನಗೆ ಫೋನ್ ಮಾಡು ಎಂದರಷ್ಟೆ.

ಕಳೆದ ವಾರ ಮನೋಹರ್ ಎಂಬ ಆಟೋ ಚಾಲಕ ತಲೆ ಒಡೆಸಿಕೊಂಡು ಬಂದ. ಸೇಡು ತೀರಿಸಲು ಅವನ ಗೆಳೆಯರು ಗೇಟಿನ ಬಳಿ ದೊಣ್ಣೆ ಹಿಡಿದು ಕಾಯುತ್ತಿದ್ದರು. ಈ ಸಲ ಇದ್ದದ್ದನ್ನು ಇದ್ದಂತೆ ಬರೆದೆ. ಅವನನ್ನು ಕೇಳಿ ನಿಮ್ಮ ಅಮ್ಮನನ್ನು ಕರೆಸಿದೆ. ಅವರು ಅವನ ಪಕ್ಕ ಕೂತು, "ನನ್ ಮಗಾನೂ ಇಲ್ಲೇ ಕೂತಿದ್ದ ಬೇಟಾ. ನಿಮ್ಮಮ್ಮಂಗೆ ನನ್ ಗತಿ ತರಬ್ಯಾಡ" ಎಂದರು. ಅವನು ತುಂಬ ಹೊತ್ತು ಅತ್ತ. ಆಮೇಲೆ ಗೆಳೆಯರನ್ನು ವಾಪಸು ಕಳಿಸಿ, ಮಾಗಡಿ ಕಡೆಯ ಕಲ್ಯ ಊರಿನ ಚಿಕ್ಕಮ್ಮನ ಮನೆಗೆಂದು ಬಸ್ಸು ಹತ್ತಿದ.

ಬಸ್ಸು ಮರೆಯಾದ ಮೇಲೂ ನಿಮ್ಮ ಅಮ್ಮ ಅಲ್ಲೇ ನಿಂತಿದ್ದರು. "ಆಫ್ತಾಬಂಗೂ ಮಾಗಡೀಲಿ ಅಕ್ಕ ಅವ್ಳೆ" ಎಂದರು. "ನಾಕು ದಿನ ಹೋಗಿರು ಅಂತ ಯಾರೂ ಅನ್ನಲಿಲ್ಲ."

ನೀವಿರುವಲ್ಲಿ ನಿಮಗೆ ಯಾರ ಭಯವೂ ಇಲ್ಲದಿರಲಿ.

ಕ್ಷಮೆ ಕೇಳುವ ಧೈರ್ಯವಿಲ್ಲದ,
ಭಾನುಪ್ರಿಯ