ಚಾದರ ಒಣಹಾಕುವ ದಿನ

ಕರಾತೊಬೆ,
ಫೆಬ್ರುವರಿ 9

ಮುದ್ದು ಮಗ ಜಾಂದೋಸ್,

ಹೇಗಿದ್ದೀಯ? ಅಸ್ತಾನಾದ ಚಳಿಗೆ ನಿನ್ನ ಮಂಡಿನೋವು ಹೆಚ್ಚಾಯಿತೇ? ಕುದುರೆ ಮಾಂಸದ ಸಾಸೇಜು ಕಳಿಸಿದ್ದೆನಲ್ಲ, ಸೊಸೆ ಬೇಯಿಸಿಕೊಟ್ಟಳೋ, ವಾಸನೆ ಅಂತ ಬಾಲ್ಕನಿಗೆ ಎಸೆದಳೋ? ನಾನು ಚೆನ್ನಾಗಿದ್ದೇನೆ. ಉಗುಳಿದರೆ ಕಪ್ಪು ಬರುತ್ತದೆ, ಅಷ್ಟೆ.

ಕಳೆದ ತಿಂಗಳು ನೀನು ಕಲ್ಲಿದ್ದಲು ಸ್ಥಾವರದ ಹೊಗೆ ಅಳೆಯಲು ಬಂದಾಗ ಊರಿಗೆಲ್ಲ ಹಬ್ಬ. ನಿಮ್ಮ ಇಲಾಖೆಯ ಕಾಗದ ವಾರ ಮೊದಲೇ ಸ್ಥಾವರಕ್ಕೆ ಬರುತ್ತದಲ್ಲ, ನೀನು ಬರುವ ಹಿಂದಿನ ದಿನ ಬೂದಿ ಹಿಡಿಯುವ ಫಿಲ್ಟರು ಚಾಲೂ, ನೀನು ರೈಲು ಹತ್ತಿದ ಕೂಡಲೇ ಬಂದ್. ಆ ಎರಡು ದಿನ ಹೆಂಗಸರೆಲ್ಲ ಚಾದರ ಒಗೆದು ಅಂಗಳದಲ್ಲಿ ಒಣಹಾಕುತ್ತೇವೆ. ಪಕ್ಕದ ಮನೆಯ ಗಾಲಿನಾ ಬೇಲಿಯಾಚೆಯಿಂದ, "ನಿನ್ನ ಮಗ ಬರ್ತಾನಂತೆ ಕಣೇ ಕುಲ್ಯಾಶ್, ಸೋಪು ತಂದಿಟ್ಕೋ" ಅನ್ನುತ್ತಾಳೆ. ಹೆತ್ತವಳಿಗೆ ಇದಕ್ಕಿಂತ ಹೆಮ್ಮೆ ಬೇಕೇ? ನೀನು ಮನೆಗೆ ಬರುವುದೂ ಆಗ ಮಾತ್ರ.

ತೊಮಿರಿಸ್‌ಗೆ ಏಳು ವರ್ಷ ತುಂಬಿತು. ಚೊಚ್ಚಲ ಮಗು ಅಜ್ಜಿಯದು ಅನ್ನುವ ನಮ್ಮ ಪದ್ಧತಿಯಂತೆ ನಲವತ್ತನೆಯ ದಿನ ನೀನೇ ಅವಳನ್ನು ತಂದು ನನ್ನ ಮಡಿಲಿಗೆ ಹಾಕಿದೆ. ಅವಳಿಗೆ ನಾನೇ ಅಮ್ಮ; ಹೆತ್ತಪ್ಪನಾದ ನೀನು ಬರೀ 'ಕೊಕೆ', ದೊಡ್ಡಣ್ಣ. ಈಗ ಫೋನಿನಲ್ಲಿ ಅವಳ ಕೆಮ್ಮು ಕೇಳಿ, "ಅವಳನ್ನ ಇಲ್ಲಿಗೆ ಕಳಿಸಮ್ಮಾ, ಅಲ್ಲಿ ಗಾಳಿ ಸರಿಯಿಲ್ಲ" ಅಂದೆ. ಹೌದೇನಪ್ಪಾ? ಬೆಟ್ಟದ ಆರೋಗ್ಯಧಾಮಕ್ಕೆ ಅವಳ ಹೆಸರು ಬರೆಸಲು ಹೋದರೆ ವೈದ್ಯೆ ಗೋಡೆಗೆ ಅಂಟಿಸಿದ ನಿಮ್ಮ ಇಲಾಖೆಯ ವರದಿ ತೋರಿಸಿದಳು. "ಹೊಗೆಯಿಂದ ಬಂದ ಕಾಯಿಲೆ ಅಂತ ನಾನು ಹೆಂಗೆ ಬರೀಲಿ ಅಜ್ಜಿ? ಗಾಳಿ ಮಿತಿಯೊಳಗಿದೆ ಅಂತ ಅಲ್ಲಿ ಸಹಿ ಇದೆ." ಸಹಿ ನಿನ್ನದು. ನಾನೇ ಕೈಹಿಡಿದು ತಿದ್ದಿಸಿದ ಅಕ್ಷರ, ಗುರುತು ಸಿಗದೇ ಇರುತ್ತದೆಯೇ? ಊರ ಮಕ್ಕಳಿಗೆಲ್ಲ ಆಗುವ ಗಾಳಿ ನಿನ್ನ ಮಗಳಿಗೆ ಯಾಕೆ ಆಗದು? ಕಳಿಸುವುದಿಲ್ಲ. ಹಾಗೆ ಕೊಟ್ಟ ಮಗುವನ್ನು ವಾಪಸು ಕೇಳುವ ಹಕ್ಕು ನಮ್ಮವರಲ್ಲಿ ಯಾರಿಗೂ ಇಲ್ಲ, ನಿನಗೂ ಗೊತ್ತು.

ಸೊಸೆಗೆ ನನ್ನ ಆಶೀರ್ವಾದ. ನಿನ್ನ ದಾರಿ ಬೆಳ್ಳಗಿರಲಿ.

ನಿನ್ನ ತಾಯಿ,
ಕುಲ್ಯಾಶ್

ತಾ.ಕ.: ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮೇಲಿನದನ್ನು ಬೆಳಿಗ್ಗೆ ಮುಗಿಸಿ ಬ್ರೆಡ್ಡು ತರಲು ಹೋಗಿದ್ದೆ. ಚಾದರ ಒಣಹಾಕಿದರೆ ಕೊಕೆ ಬರುತ್ತಾನೆ ಅಂತ ತೊಮಿರಿಸ್ ನಂಬಿಕೊಂಡಿದ್ದಾಳೆ, ನನಗೆ ಹೊಳೆದಿರಲಿಲ್ಲ. ಒಬ್ಬಳೇ ಚಾದರ ನೆನೆಸಿ, ಹೊತ್ತುಕೊಂಡು ಹೋಗಿ ಹಗ್ಗಕ್ಕೆ ಹಾಕಿ, ಅಲ್ಲೇ ನಿನ್ನ ದಾರಿ ಕಾದಿದ್ದಾಳೆ. ಗಾಲಿನಾ ನೋಡುವ ಹೊತ್ತಿಗೆ ಚಾದರ ಕಪ್ಪಾಗಿತ್ತು, ಮಗು ಅದರ ಕೆಳಗೆ ಬಿದ್ದಿತ್ತು. ಮೂಗಿಗೆ ಕೊಳವೆ ಹಾಕಿದ್ದಾರೆ. ಫೋನು ಮಾಡಿದರೆ ನೀನು ಇಲಾಖೆಗೆ ಹೇಳಿ ಹೊರಡುತ್ತೀಯ, ಸ್ಥಾವರದವರು ಫಿಲ್ಟರು ಹಾಕುತ್ತಾರೆ. ಅದಕ್ಕೇ ಈ ಕಾಗದ ಕೈಗೆ ಕೊಟ್ಟು ಗಾಲಿನಾಳನ್ನೇ ರೈಲು ಹತ್ತಿಸುತ್ತಿದ್ದೇನೆ. ಯಾರಿಗೂ ಹೇಳದೆ, ಅಳೆಯುವ ಯಂತ್ರ ಹಿಡಿದು ಬಾ. ಆಮೇಲೆ ಮಗಳನ್ನು ಕರೆದುಕೊಂಡು ಹೋಗು. ಹೇಳಿ ಬಂದರೆ ಕೊಡುವುದಿಲ್ಲ. ಚಾದರ ಇನ್ನೂ ಹಗ್ಗದ ಮೇಲೇ ಇದೆ, ನೀನು ನೋಡುವವರೆಗೆ ತೆಗೆಯುವುದಿಲ್ಲ.