ಒಗೆಯುವ ಕೋಣೆಯಲ್ಲಿ ಮಾತು ನಿಷಿದ್ಧ

ಮಾನ್ಯ ಕುಲಸಚಿವರೇ,

ವಿದ್ಯಾರ್ಥಿನಿಲಯದ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆಯೊಂದಿದೆ ಎಂಬುದು ತಮಗೆ ಗೊತ್ತಾದದ್ದು ಕಳೆದ ತಿಂಗಳು. ಹನ್ನೊಂದು ವರ್ಷದಿಂದ ಅದು ಅಲ್ಲೇ ಇತ್ತು, ನಾನೂ ಅಲ್ಲೇ ಇದ್ದೆ. ನಿನ್ನೆ, ಸೋಮವಾರ ಬೆಳಿಗ್ಗೆ, ತಾವು ಇಬ್ಬರು ಆಳುಗಳನ್ನು ಕಳಿಸಿ ಅಲ್ಲಿದ್ದ ಒಂದೇ ಒಂದು ಬೆಂಚನ್ನು ಎತ್ತಿಸಿದಿರಿ. ಬೆಂಚಿದ್ದ ಕಡೆ ಗೋಡೆಗೆ ಸೂಚನೆಯೊಂದನ್ನು ಅಂಟಿಸಿದಿರಿ: "ಈ ಕೊಠಡಿಯಲ್ಲಿ ಜನಾಂಗ, ವರ್ಣ, ಮೂಲ ಕುರಿತ ಅನಧಿಕೃತ ಚರ್ಚೆಗಳನ್ನು ನಿಷೇಧಿಸಲಾಗಿದೆ." ನನ್ನ ಕೈಗೆ ಒಂದು ಮುಚ್ಚಳಿಕೆಯ ನಮೂನೆ ಕೊಡಿಸಿದಿರಿ. ಇನ್ನು ಮುಂದೆ ಅಂಥ ಮಾತಿಗೆ ಅವಕಾಶ ಕೊಡುವುದಿಲ್ಲ ಎಂದು ಶುಕ್ರವಾರದೊಳಗೆ ನಾನು ರುಜು ಹಾಕಬೇಕು. ಇಲ್ಲವಾದರೆ ಶನಿವಾರದಿಂದ ನನಗೆ ಕೆಲಸವಿಲ್ಲ.

ನಾನು ಹತ್ತನೇ ತರಗತಿಯವರೆಗೆ ಓದಿದವಳು. ಅನಧಿಕೃತ ಚರ್ಚೆ ಎಂದರೇನೆಂದು ತಿಳಿಯಲು ಸೂಚನೆಯನ್ನು ನಾಲ್ಕು ಸಲ ಓದಬೇಕಾಯಿತು. ಅಧಿಕೃತ ಚರ್ಚೆ ಎಂದರೇನೆಂಬುದು ಮಾತ್ರ ಓದದೆಯೇ ಗೊತ್ತಿತ್ತು, ಏಕೆಂದರೆ ಹೋದ ವರ್ಷ ತಮ್ಮ 'ಸೌಹಾರ್ದ ಸಪ್ತಾಹ'ದ ಮೇಜುಬಟ್ಟೆಗಳಿಗೆ ಇಸ್ತ್ರಿ ಹಾಕಿದವಳು ನಾನೇ. ಸಭಾಂಗಣದ ಹಿಂದುಗಡೆ ನಿಂತು ನೋಡಿದೆ. ಪ್ರಶ್ನೆ ಕೇಳುವವರು ಮೂರು ದಿನ ಮೊದಲೇ ಬರೆದುಕೊಡಬೇಕಿತ್ತು. ಬರೆದುಕೊಟ್ಟ ಪ್ರಶ್ನೆಗಳನ್ನು ಒಂದು ಸಮಿತಿ ಸೋಸಿತು. ಸೋಸಿ ಉಳಿದದ್ದು ಎರಡು, ಎರಡೂ ಹೆಚ್ಚುಕಡಿಮೆ ಧನ್ಯವಾದ ಸಮರ್ಪಣೆಗಳು. "ನಾವೆಲ್ಲರೂ ಒಂದೇ" ಎಂದು ಭಾಷಣಕಾರರು ಏಳು ಸಲ ಹೇಳಿದರು, ಏಳು ಸಲವೂ ಚಪ್ಪಾಳೆ ಬಿತ್ತು. ಆಮೇಲೆ ಬಿಳಿಯರು ಬಿಳಿಯರ ಜೊತೆ, ಕರಿಯರು ಕರಿಯರ ಜೊತೆ ಗುಂಪುಗುಂಪಾಗಿ ನಿಂತು ಚಹಾ ಕುಡಿದು ಹೋದರು. ಮೇಜುಬಟ್ಟೆಗಳ ಮೇಲೆ ಒಂದು ಕಲೆಯೂ ಆಗಿರಲಿಲ್ಲ. ಅಷ್ಟು ಜಾಗರೂಕತೆಯ ಸಮಾರಂಭ ಅದು.

ಈ ಮಾತನ್ನು ತಮ್ಮ ಎದುರಿಗೇ ಹೇಳೋಣವೆಂದು ನಿನ್ನೆ ಮಧ್ಯಾಹ್ನ ಕಚೇರಿಗೆ ಬಂದಿದ್ದೆ. ಹೊರಗೆ ಕೂತಿದ್ದ ಗುಮಾಸ್ತರು ನನ್ನನ್ನು ತಡೆದರು.

"ಸಾಹೇಬ್ರು ಮೀಟಿಂಗಲ್ಲಿದಾರಮ್ಮ."

"ಯಾವುದರ ಮೀಟಿಂಗು?"

"ನಿಮ್ದೇ ವಿಷಯ."

"ಹಾಗಾದ್ರೆ ನಾನೂ ಒಳಗೆ ಹೋಗ್ಲಾ?"

"ನಿಮ್ಮ ವಿಷಯ ಅಂದ ಮಾತ್ರಕ್ಕೆ ನಿಮ್ಮನ್ನ ಕರೀಬೇಕು ಅಂತ ಎಲ್ಲಿದೆ?" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ತಮ್ಮ ಆಡಳಿತವನ್ನು ಇಷ್ಟು ಚೆನ್ನಾಗಿ ಒಂದೇ ವಾಕ್ಯದಲ್ಲಿ ಹೇಳಿದ ಬೇರೆ ಯಾರನ್ನೂ ನಾನು ಕಂಡಿಲ್ಲ. ಒಳಗೆ ಬಿಡಲಿಲ್ಲವಾದ್ದರಿಂದ ವಿದ್ಯಾರ್ಥಿಗಳ ಪತ್ರಿಕೆಗೆ ಬರೆಯುತ್ತಿದ್ದೇನೆ.

ಆ ಬೆಂಚು ಅಲ್ಲಿಗೆ ಹೇಗೆ ಬಂತೆಂದು ತಾವು ಯಾರನ್ನೂ ಕೇಳಲಿಲ್ಲ. ಅದು ಬಂದದ್ದು ನನ್ನ ತಪ್ಪಿನಿಂದ. ನಾನು ಕಪ್ಪು ಮೈಬಣ್ಣದವಳು. ನನ್ನ ಅಜ್ಜ ಈ ಊರಿಗೆ ಮೂಟೆ ಹೊರಲು ಬಂದವರು, ಅಮ್ಮ ಇದೇ ವಿಶ್ವವಿದ್ಯಾಲಯದ ನೆಲ ಒರೆಸಿದವರು. ಮೂರು ವರ್ಷದ ಹಿಂದೆ ಒಂದು ಬುಧವಾರ, ಯಾರೋ ಮರೆತುಹೋದ ಬಟ್ಟೆಗಳ ಬುಟ್ಟಿಯಲ್ಲಿ ಪ್ರಯೋಗಾಲಯದ ಬಿಳಿ ಕೋಟೊಂದು, ಸ್ವಚ್ಛತೆಯವರ ನೀಲಿ ಮೇಲಂಗಿಯೊಂದು ಉಳಿದಿದ್ದವು. ಮೊದಲು ಬಂದವನು ಬೆಳ್ಳಗಿನ, ಉದ್ದನೆಯ ಹುಡುಗ. ನಿಲಯದಲ್ಲಿ ಎಲ್ಲರೂ ಅವನನ್ನು ಉದ್ದಣ್ಣ ಎನ್ನುತ್ತಾರೆ. ಅವನು ಕೇಳಿದ್ದು ಕಾಲುಚೀಲ. ಕಾಲುಚೀಲದ ಜೊತೆ ಬಿಳಿ ಕೋಟನ್ನೂ ಮಡಚಿ ಅವನ ಕೈಗಿಟ್ಟೆ. "ಇದು ನಂದಲ್ಲ ಅನ್ಸುತ್ತೆ ಆಂಟಿ" ಎಂದ. "ನಿಮ್ದೇ, ತಗೊಂಡು ಹೋಗಿ" ಎಂದೆ. ಪಾಪ, ತಗೊಂಡು ಹೋದ.

ಅರ್ಧ ಗಂಟೆಯ ಮೇಲೆ ನನ್ನದೇ ಬಣ್ಣದ ಹುಡುಗಿಯೊಬ್ಬಳು ಬಂದಳು. ತಂದ ಬಟ್ಟೆಯನ್ನು ಯಂತ್ರಕ್ಕೆ ಹಾಕಿ, "ಅಕ್ಕಾ, ನಂದೊಂದು ಕೋಟು ಇಲ್ಲೇ ಉಳ್ಕೊಂಡಿತ್ತು" ಎಂದಳು. ನಾನು ನೀಲಿ ಮೇಲಂಗಿ ತೆಗೆದುಕೊಟ್ಟೆ.

"ಇದು ನಂದಲ್ಲ."

"ಇನ್ಯಾರದು ಮತ್ತೆ? ನೀನು ಯಾವ ಮಹಡಿ ಗುಡಿಸೋದು?"

ಅವಳು ಮೇಲಂಗಿಯನ್ನು ಮಡಚಿ ಬುಟ್ಟಿಗೆ ಹಾಕಿದಳು. "ನಾನು ಗುಡಿಸೋಳಲ್ಲ ಅಕ್ಕಾ. ರಕ್ತದ ಕಾಯಿಲೆ ಮೇಲೆ ಸಂಶೋಧನೆ ಮಾಡ್ತಿದೀನಿ" ಎಂದಳು.

ಅವಳು ಅಲ್ಲಿಂದ ಹೋಗಿಬಿಡುತ್ತಿದ್ದಳು, ನಾನಾಗಿದ್ದರೂ ಹೋಗುತ್ತಿದ್ದೆ. ಆದರೆ ನಮ್ಮ ಯಂತ್ರಗಳು ಹಳೆಯವು. ಒಮ್ಮೆ ಶುರುವಾದರೆ ನಲವತ್ತು ನಿಮಿಷ ಬಾಗಿಲು ತೆರೆಯುವುದಿಲ್ಲ. ಬಟ್ಟೆ ಒಳಗಿರುವಾಗ ಮುನಿಸಿಕೊಂಡು ಹೋಗುವುದಾದರೂ ಎಲ್ಲಿಗೆ? ಅವಳು ಗೋಡೆಗೆ ಒರಗಿ ನಿಂತಳು. ನನ್ನ ಯಜಮಾನರು ಹಿಂದುಗಡೆ ಸೋರುವ ಕೊಳವೆ ಸರಿಮಾಡುತ್ತಿದ್ದರು. ಯಂತ್ರಗಳ ರಿಪೇರಿ ಅವರ ಕೆಲಸ. ಕೈ ಒರೆಸಿಕೊಳ್ಳುತ್ತ ಬಂದು ನಮ್ಮಿಬ್ಬರ ಮುಖ ನೋಡಿದರು.

"ಏನಾಯ್ತಮ್ಮ?"

"ಏನಿಲ್ಲ ಬಿಡಿ ಅಣ್ಣ."

"ಏನಿಲ್ಲ ಅನ್ನೋ ಮುಖ ಅಲ್ಲ ಇದು. ಯಂತ್ರ ನಿಲ್ಲೋಕೆ ಇನ್ನೂ ಮೂವತ್ತು ನಿಮಿಷ ಇದೆ. ಬೇರೆ ಕೆಲಸ ನಿನಗೂ ಇಲ್ಲ, ನಮಗೂ ಇಲ್ಲ. ಹೇಳು."

ಅವಳು ಹೇಳಿದಳು. ಗ್ರಂಥಾಲಯದಲ್ಲಿ ಅವಳ ಚೀಲವನ್ನು ಮಾತ್ರ ತೆರೆಸುವುದು. ಅವಳೇ ಪಾಠ ಮಾಡುವ ತರಗತಿಗೆ ಹೋದರೆ, ಪ್ರೊಜೆಕ್ಟರ್ ಸರಿಮಾಡಲು ಬಂದಿರಾ ಎಂದು ಕೇಳುವುದು. ಎಲ್ಲ ಹೇಳಿ ಮುಗಿಸಿ ನನ್ನ ಕಡೆ ತಿರುಗಿ, "ಅವರು ಮಾಡಿದ್ರೆ ಹಾಳಾಗ್ಲಿ ಅನ್ಕೋತೀನಿ. ನೀವೂನಾ ಅಕ್ಕಾ?" ಎಂದಳು. ಚಿಕ್ಕಂದಿನಿಂದ ದಿನಚರಿ ಬರೆಯುವ ಅಭ್ಯಾಸ ನನಗೆ. ಆ ದಿನದ ಪುಟದಲ್ಲಿ ಇರುವುದು ಒಂದೇ ಸಾಲು: "ಇವತ್ತು ಅವಳ ಬಟ್ಟೆ ನೋಡಲಿಲ್ಲ, ಮೈ ನೋಡಿದೆ."

ಮುಂದಿನ ಬುಧವಾರ ಉದ್ದಣ್ಣ ಕೋಟು ಹಿಂದಕ್ಕೆ ತಂದ. ಅವಳೂ ಬಂದಳು. ಯಜಮಾನರು ಒಡೆದ ಮಂಚದ ಹಲಗೆಗಳಿಂದ ಒಂದು ಬೆಂಚು ಮಾಡಿಟ್ಟಿದ್ದರು. "ಬಟ್ಟೆ ಹಾಕಿ, ಕೂತ್ಕೊಳ್ಳಿ. ಯಂತ್ರ ನಿಲ್ಲೋವರೆಗೂ ಯಾರೂ ಎದ್ದು ಹೋಗೋ ಹಾಗಿಲ್ಲ, ಕೇಳಿದ್ದಕ್ಕೆ ಉತ್ತರ ಹೇಳದೇ ಇರೋ ಹಾಗೂ ಇಲ್ಲ" ಎಂದರು. ಮಾನ್ಯರೇ, ತಾವು ನಿಷೇಧಿಸಿದ ಸಂಸ್ಥೆಯ ನಿಯಮಾವಳಿ ಪೂರ್ತಿ ಇಷ್ಟೇ.

ಅಲ್ಲಿ ಎಲ್ಲವೂ ಚಂದವಾಗಿ ನಡೆಯಿತೆಂದು ನಾನು ಸುಳ್ಳು ಹೇಳುವುದಿಲ್ಲ. ಒಬ್ಬ ಹುಡುಗ ನಮ್ಮ ಜನರ ಬಗ್ಗೆ ಆಡಿದ ಮಾತಿಗೆ ನನ್ನ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಟ್ಟು ಹೊರಗೆ ಹೋಗಿ ನಿಂತಿದ್ದೆ. ಒಬ್ಬಳು ಅತ್ತುಕೊಂಡು ಹೋದವಳು ತಿರುಗಿ ಬರಲಿಲ್ಲ. ಆದರೆ ಬಂದವರು ಇಬ್ಬರಿಂದ ಒಂಬತ್ತು ಮಂದಿಯಾದರು, ಒಂಬತ್ತರಿಂದ ಇಪ್ಪತ್ತಾದರು. ಇದಕ್ಕೆ ಸಮಿತಿ ಬೇಕಾಗಲಿಲ್ಲ, ಮೇಜುಬಟ್ಟೆಯೂ ಬೇಕಾಗಲಿಲ್ಲ.

ಎಂಟು ತಿಂಗಳ ಹಿಂದೆ ಯಜಮಾನರು ತೀರಿಕೊಂಡರು. ಮೂರನೇ ಯಂತ್ರದ ರಬ್ಬರ್ ಪಟ್ಟಿ ಬದಲಿಸುತ್ತಿದ್ದವರು ಹಾಗೇ ಪಕ್ಕಕ್ಕೆ ವಾಲಿದರು. ಎರಡು ವಾರ ಬಿಟ್ಟು ನಾನು ಕೆಲಸಕ್ಕೆ ಬಂದೆ. ಬುಧವಾರ ನಾಲ್ಕು ಗಂಟೆಗೆ ಯಾರೂ ಬಾರದಿರಲಿ ಎಂದುಕೊಂಡಿದ್ದೆ. ಎಲ್ಲರೂ ಬಂದರು. ಉದ್ದಣ್ಣನ ಕೈಯಲ್ಲಿ ಇಸ್ತ್ರಿಯ ಮಡಿಕೆಯೂ ಬಿಚ್ಚದ ಅಂಗಿ.

"ಒಗೆದಿರೋ ಅಂಗೀನೇ ಮತ್ತೆ ಒಗೆಯೋಕೆ ತಂದಿದೀಯಲ್ಲೋ" ಎಂದೆ.

"ಕೊಳೆ ಆಗಿರೋದು ಯಾವ್ದೂ ಸಿಗ್ಲಿಲ್ಲ ಆಂಟಿ. ಬರೋಕೆ ಏನಾದ್ರೂ ಬೇಕಿತ್ತಲ್ಲ."

ಯಜಮಾನರು ಹೋದ ಮೇಲೆ ನಾನು ಮೊದಲ ಸಲ ನಕ್ಕದ್ದು ಆಗ. ಇದನ್ನು ತಮಗೆ ಯಾಕೆ ಹೇಳುತ್ತಿದ್ದೇನೆಂದರೆ, ತಮ್ಮ ಆಳುಗಳು ನಿನ್ನೆ ಎತ್ತಿಕೊಂಡು ಹೋದದ್ದು ಕಡತದಲ್ಲಿ "ಅನಧಿಕೃತ ಪೀಠೋಪಕರಣ" ಎಂದು ದಾಖಲಾಗಿದೆ. ಅದು ಹಾಗಲ್ಲ ಎಂದು ಎಲ್ಲಾದರೂ ಒಂದು ಕಡೆ ಅಚ್ಚಾಗಲಿ.

ಇನ್ನು ತಮ್ಮ ಸಿಟ್ಟಿನ ಮೂಲಕ್ಕೆ ಬರುತ್ತೇನೆ. ಕಳೆದ ತಿಂಗಳು ಉದ್ದಣ್ಣ ಎಲ್ಲರ ಮುಂದೆ ಒಂದು ಮಾತು ಹೇಳಿದ: "ಮುಖ್ಯ ಗೇಟಲ್ಲಿ ನಿಮ್ಮನ್ನೆಲ್ಲ ದಿನಾ ಕಾರ್ಡ್ ಕೇಳ್ತಾರಂತೆ. ನನ್ನನ್ನ ನಾಲ್ಕು ವರ್ಷದಲ್ಲಿ ಒಂದು ಸಲನೂ ಕೇಳಿಲ್ಲ. ಕೇಳಿಲ್ಲ ಅನ್ನೋದೂ ನನಗೆ ಗೊತ್ತಿರ್ಲಿಲ್ಲ." ಗೇಟಿನ ಕಾವಲುಗಾರರೊಬ್ಬರೂ ಅಂದು ತಮ್ಮ ಸಮವಸ್ತ್ರ ಒಗೆಯಲು ಬಂದು ಬೆಂಚಿನ ಕೊನೆಯಲ್ಲಿ ಕೂತಿದ್ದರು. ಅವರೂ ನಮ್ಮವರೇ, ಕಪ್ಪಗಿನವರು. ಎಲ್ಲರೂ ಅವರನ್ನು ನೋಡಿದರು. ಯಂತ್ರ ನಿಲ್ಲಲು ಇನ್ನೂ ಹೊತ್ತಿತ್ತು.

"ಅನುಮಾನ ಬಂದವರನ್ನ ಕೇಳು ಅಂತ ನನಗೆ ಹೇಳಿದ್ರು" ಎಂದರು ಅವರು. "ಯಾರ ಮೇಲೆ ಅನುಮಾನ ಪಡಬೇಕು ಅಂತ ಯಾರೂ ಹೇಳ್ಕೊಡ್ಲಿಲ್ಲ. ಅದನ್ನ ನಾನೇ ಕಲ್ತುಕೊಂಡೆ. ನನ್ನ ತಮ್ಮನ ಮಗ ಬಂದಾಗ ಅವನನ್ನೂ ನಿಲ್ಲಿಸಿದೀನಿ."

ಮರುದಿನದಿಂದ ಅವರು ಎಲ್ಲರ ಕಾರ್ಡನ್ನೂ ಕೇಳತೊಡಗಿದರು. ಬೆಳ್ಳಗಿನವರನ್ನು, ಕಪ್ಪಗಿನವರನ್ನು, ಪ್ರಾಧ್ಯಾಪಕರನ್ನು, ಕಾರಿನಲ್ಲಿ ಬಂದವರನ್ನು. ಹತ್ತನೇ ದಿನ ತಮ್ಮ ಅತಿಥಿಗಳ ಕಾರನ್ನೂ ನಿಲ್ಲಿಸಿದರು. ಅತಿಥಿಗಳು ಆರು ನಿಮಿಷ ಕಾದರು. ಆರೇ ನಿಮಿಷ. ಸಂಜೆಯೊಳಗೆ ಕಾವಲುಗಾರರನ್ನು ಹಿಂದುಗಡೆಯ ಉಗ್ರಾಣಕ್ಕೆ ವರ್ಗಾಯಿಸಲಾಯಿತು. ಈ ಕೆಟ್ಟ ಬುದ್ಧಿ ಅವರಿಗೆ ಎಲ್ಲಿಂದ ಬಂತೆಂದು ವಿಚಾರಿಸುತ್ತ ಹೋಗಿ ತಾವು ನೆಲಮಾಳಿಗೆಯ ಮೆಟ್ಟಿಲು ಕಂಡುಹಿಡಿದಿರಿ.

ಸೂಚನೆಯಲ್ಲಿ ಬರೆದಿದ್ದೀರಿ: "ಇಂತಹ ಚರ್ಚೆಗಳಿಂದ ಕೆಲವರಿಗೆ ಮುಜುಗರ ಉಂಟಾಗಿರುತ್ತದೆ." ನಿಜ, ಉಂಟಾಗಿದೆ. ನನಗೇ ಎಲ್ಲರಿಗಿಂತ ಹೆಚ್ಚು ಆಗಿದೆ. ಸಂಶೋಧನೆಗೆ ಬಂದವಳ ಕೈಗೆ ಕಸಗುಡಿಸುವವರ ಅಂಗಿ ಕೊಟ್ಟಾಗ ಅವಳಿಗಾದದ್ದಕ್ಕೆ ತಮ್ಮ ಕಡತದಲ್ಲಿ ಏನು ಹೆಸರಿದೆ? ನಾಲ್ಕು ವರ್ಷ ದಿನಾ ಗೇಟಿನಲ್ಲಿ ಕಾರ್ಡ್ ತೋರಿಸುತ್ತ ನಿಂತವರದು ಮುಜುಗರವಲ್ಲವೇ, ಅಥವಾ ಅದು ಅತಿಥಿಗಳಿಗೆ ಆದಾಗ ಮಾತ್ರ ದಾಖಲೆಗೆ ಬರುತ್ತದೆಯೇ? ಮೊದಲು ಇಲ್ಲಿ ಶಾಂತಿಯಿತ್ತು ಎಂದೂ ಬರೆದಿದ್ದೀರಿ. ಜನ ತುಟಿ ಬಿಗಿಹಿಡಿದು ತಲೆತಗ್ಗಿಸಿ ಓಡಾಡುತ್ತಿದ್ದರು, ಸ್ವಾಮಿ. ತಮ್ಮ ಕಿಟಕಿಯಿಂದ ನೋಡಿದರೆ ಅದು ಶಾಂತಿಯ ಹಾಗೆಯೇ ಕಾಣುತ್ತದೆ.

ನನ್ನ ಬೇಡಿಕೆ ಹೇಳಿಬಿಡುತ್ತೇನೆ. ಬೆಂಚು ವಾಪಸು ಬರಬೇಕು, ಗೋಡೆಯ ಮೇಲಿನ ಸೂಚನೆ ಹೋಗಬೇಕು. ಕಾವಲುಗಾರರನ್ನು ಅದೇ ಗೇಟಿಗೆ ಕಳಿಸಿ, ಎಲ್ಲರ ಕಾರ್ಡನ್ನೂ ಕೇಳಬೇಕೆಂದು ಲಿಖಿತ ಆದೇಶ ಕೊಡಬೇಕು, ಅದು ತಮ್ಮ ಕಾರಿಗೂ ಅನ್ವಯಿಸಬೇಕು. ಮತ್ತು ತಾವು ಒಂದು ಬುಧವಾರ ಕೆಳಗೆ ಬರಬೇಕು. ಭಾಷಣ ಬೇಡ. ಒಂದು ಅಂಗಿ ತಂದರೆ ಸಾಕು.

ಮುಚ್ಚಳಿಕೆಗೆ ನಾನು ರುಜು ಹಾಕುವುದಿಲ್ಲ. "ಹಾಕಿಬಿಡಿ ಅಕ್ಕಾ, ಕೆಲಸ ಉಳೀಲಿ, ನಾವು ಬೇರೆ ಕಡೆ ಸೇರ್ಕೋತೀವಿ" ಎಂದು ಆ ಹುಡುಗಿಯೇ ಹೇಳಿದಳು. ಗಂಡ ಹೋದ ಮೇಲೆ ನನಗೆ ಉಳಿದಿರುವುದು ಈ ಕೆಲಸವೊಂದೇ ಎಂದು ಅವಳಿಗೆ ಗೊತ್ತು. ನನಗೂ ಗೊತ್ತು. ಆದರೆ ರುಜು ಹಾಕಿದ ಮೇಲೆ ನಾನು ಆ ಕೋಣೆಯಲ್ಲಿ ನಿಂತು, ಬಂದವರ ಬಣ್ಣ ನೋಡಿ ಬಟ್ಟೆ ಹಂಚುವವಳಾಗಿಯೇ ಉಳಿಯಬೇಕು. ಆ ಹೆಂಗಸನ್ನು ನನ್ನಲ್ಲೇ ನಾನು ಒಮ್ಮೆ ಕಂಡಾಗಿದೆ. ಅವಳ ಜೊತೆ ಕೆಲಸ ಮಾಡಲು ನನ್ನಿಂದಾಗದು.

ನಮೂನೆಯ ಹಿಂಬದಿ ಖಾಲಿಯಿತ್ತು, ಈ ಪತ್ರದ ಕರಡನ್ನು ಅದರ ಮೇಲೆಯೇ ಬರೆದೆ. ತಾವು ಕೊಟ್ಟ ಗಡುವು ಶುಕ್ರವಾರ. ಅದಕ್ಕೆ ಮೊದಲು ಒಂದು ಬುಧವಾರ ಬರುತ್ತದೆ, ಅದು ತಮ್ಮ ಗಮನಕ್ಕೆ ಬಂದಂತಿಲ್ಲ. ನಾಳೆ ನಾಲ್ಕು ಗಂಟೆಗೆ ಆರೂ ಯಂತ್ರ ಹಾಕುತ್ತೇನೆ. ಕೂರಲು ಜಾಗವಿಲ್ಲ, ನಿಂತುಕೊಂಡೇ ಮಾತಾಡುತ್ತೇವೆ.

ಇಂತಿ,
ಶುಕ್ರವಾರದವರೆಗೆ ತಮ್ಮ ಸಿಬ್ಬಂದಿಯಾಗಿರುವ,
ನೆಲಮಾಳಿಗೆಯ ಬಟ್ಟೆ ಒಗೆಯುವವಳು